ಬಂಡೆಗೊಂದು ಗರಿ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಎರಡು ಬೆಟ್ಟಗಳ ಮೇಲೆ ಒಂದೇ ಒಂದು ರಾಜ್ಯವಿತ್ತು. ನಡುವೆ ಪಾತಾಳದಂಥ ಕಣಿವೆ. ಸೇತುವೆ ಕಟ್ಟಿದರೆ ಗಾಳಿಗೆ ಕಿತ್ತುಹೋಗುತ್ತಿತ್ತು. ಅದಕ್ಕೇ ಅಲ್ಲಿಯ ಜನ ಹಕ್ಕಿಗಳ ಬೆನ್ನೇರಿ ಓಡಾಡುತ್ತಿದ್ದರು. ಆಗಿನ ಹಕ್ಕಿಗಳು ಈಗಿನ ಹಾಗಲ್ಲ, ಒಂದೊಂದೂ ಎತ್ತಿನ ಗಾಡಿಯಷ್ಟು ದೊಡ್ಡವು.

ಹಕ್ಕಿ ಹಾರಬೇಕು ಅಂದರೆ ಕಣಿವೆಯಂಚಿನಲ್ಲಿ ಒಂದು ಬಂಡೆ ಬೇಕು. ಅದಕ್ಕೊಂದು ಕಟ್ಟಳೆ. ತನ್ನ ರೆಕ್ಕೆಯ ಉದ್ದ ಗರಿಯೊಂದನ್ನು ಕಿತ್ತು ಬಂಡೆಯ ಬಿರುಕಿಗೆ ಸಿಕ್ಕಿಸಿದ ಹಕ್ಕಿಗೇ ಆ ಬಂಡೆ. ಬೇರೆಯವರು ಅಲ್ಲಿ ಕಾಲಿಡುವ ಹಾಗಿಲ್ಲ. ಹಕ್ಕಿಗೊಂದು ಬಂಡೆ, ಸವಾರಿಗೆ ಒಂದು ಪಾವು ರಾಗಿ. ಎಲ್ಲರ ಹೊಟ್ಟೆಯೂ ತುಂಬುತ್ತಿತ್ತು.

ಸಾಲಿನ ತುದಿಯ ಬಂಡೆ ಸಣ್ಣೀರವ್ವ ಅನ್ನೋ ಕೊಕ್ಕರೆಯದು. ನಾಚಿಕೆ ಸ್ವಭಾವದವಳು. ಮಾತು ಕಡಿಮೆ, ನೋಡೋದು ಜಾಸ್ತಿ.

ಒಂದು ದಿನ ವಜ್ರಪ್ಪ ಅನ್ನೋ ಹದ್ದು ಬಂದ. ಪಾವು ಯಾಕೆ, ನನಗೆ ಒಂದು ಹಿಡಿ ಸಾಕು ಅಂದ. ಜನ ಮುಗಿಬಿದ್ದರು. ಸವಾರಿಯಿಲ್ಲದೆ ಮೊದಲು ಪಾರಿವಾಳಗಳು ಊರು ಬಿಟ್ಟವು. ಆಮೇಲೆ ಬಾತುಗಳು. ಆಮೇಲೆ ಗಿಳಿಗಳು. ಬಂಡೆ ಖಾಲಿಯಾದ ಹಾಗೆಲ್ಲ ವಜ್ರಪ್ಪ ಅಲ್ಲಿ ತನ್ನ ಗರಿ ಸಿಕ್ಕಿಸಿದ. ಒಂದಕ್ಕಿಂತ ಹೆಚ್ಚು ಬೇಡ ಅಂತ ಕಟ್ಟಳೆಯಲ್ಲಿ ಇರಲಿಲ್ಲವಲ್ಲ. ಸಣ್ಣೀರವ್ವ ಮಾತ್ರ ಕೆರೆಯ ಮೀನು ತಿಂದುಕೊಂಡು ಹೇಗೋ ಉಳಿದಳು.

ಆಮೇಲೆ ನೋಡಿ ಆಟ. ವಜ್ರಪ್ಪನ ಬಾಡಿಗೆ ಏರುತ್ತಾ ಏರುತ್ತಾ ಒಂದು ಸೇರಾಯಿತು. ಸೇರು ಹೋಗಿ ಬಳ್ಳವಾಯಿತು. ಬಳ್ಳ ಹೋಗಿ ಕೊಳಗವಾಯಿತು. ಹೆರಿಗೆ ಮಾಡಿಸಲು ಓಡುವ ಸೂಲಗಿತ್ತಿಯೂ ಕೊಳಗ ರಾಗಿ ಅಳೆದೇ ಬೆನ್ನೇರಬೇಕು. ಸಣ್ಣೀರವ್ವ ಇನ್ನೂ ಪಾವಿಗೇ ಒಯ್ಯುತ್ತಿದ್ದಳು. ಆದರೆ ಅವಳೊಬ್ಬಳ ಬೆನ್ನ ಮೇಲೆ ಎಷ್ಟು ಜನ ಹಿಡಿದಾರು?

ಅವಳ ಬಂಡೆಯ ಮೇಲೂ ವಜ್ರಪ್ಪನ ಕಣ್ಣು ಬಿತ್ತು. ರಾಣಿ ಹೊನ್ನಾಂಬೆಯ ಹತ್ತಿರ ಹೋಗಿ, ಆ ಮುದುಕಿ ಒಂದು ಕಡೆಗೆ ವಾಲಿಕೊಂಡು ಹಾರುತ್ತಾಳೆ, ಜನರ ಜೀವಕ್ಕೆ ಅಪಾಯ, ಅವಳನ್ನು ಓಡಿಸಿ ಅಂತ ಚಾಡಿ ಹೇಳಿದ. ಹುಣ್ಣಿಮೆಯ ಬೆಳಿಗ್ಗೆ ನಾನೇ ಕಣಿವೆ ದಾಟುತ್ತೇನೆ ಅಂದಳು ರಾಣಿ. ನನ್ನನ್ನು ದಾಟಿಸಿದ ಹಕ್ಕಿಯ ಮಾತಿನಂತೆ ಇನ್ನು ಮುಂದೆ ಬಂಡೆಗಳ ಕಟ್ಟಳೆ. ಸೋತವರು ಊರು ಬಿಡಬೇಕು.

ಸಣ್ಣೀರವ್ವ ಯೋಚನೆಗೆ ಬಿದ್ದಳು. ವಾಲುವುದು ಸುಳ್ಳೇನಲ್ಲ. ಬಂಡೆಗೆ ಅಂತ ಕಿತ್ತದ್ದು ಒಂದೇ ಗರಿ, ಅಷ್ಟಕ್ಕೇ ಈ ವಾಲು. ಅದು ಮತ್ತೆ ಮೂಡಲು ವರ್ಷಗಳೇ ಬೇಕು. ಹಾಗೆ ಯೋಚಿಸುತ್ತಲೇ ಸಾಲು ಬಂಡೆಗಳ ಕಡೆ ನೋಡಿದಳು. ತನ್ನದೊಂದು ಬಿಟ್ಟು ಎಲ್ಲದರ ಮೇಲೂ ಹದ್ದಿನ ಗರಿ. ವಜ್ರಪ್ಪನ ಕಡೆ ನೋಡಿದಳು. ಕೊಳಗ ಕೊಡುವವರು ಎಷ್ಟು ಮಂದಿ? ದಿನಕ್ಕೊಂದು ಸವಾರಿ, ಅದೂ ಗಾಳಿ ಬೀಸಿದಾಗ ತೇಲಿಕೊಂಡು. ಉಳಿದ ಹೊತ್ತು ರೆಕ್ಕೆ ಮಡಚಿ ತೂಕಡಿಕೆ.

ಸಣ್ಣೀರವ್ವ ರಾಣಿಯ ಹತ್ತಿರ ಹೋಗಿ, ಹುಣ್ಣಿಮೆಯೊಳಗೆ ಇನ್ನೊಂದಿಷ್ಟು ಬಂಡೆ ಹಸನು ಮಾಡಿಸಿ ತಾಯಿ, ಊರು ಬಿಟ್ಟವರು ವಾಪಸು ಬಂದಾರು ಅಂತ ಕೇಳಿಕೊಂಡಳು. ರಾಣಿ ಮೂಡಣಕ್ಕೊಂದು ಬಂಡೆ ಮಾಡಿಸಿದಳು. ವಜ್ರಪ್ಪ ಓಡಿ ಬಂದು ಗರಿ ಕಿತ್ತು ಸಿಕ್ಕಿಸಿದ. ಪಡುವಣಕ್ಕೊಂದು ಮಾಡಿಸಿದಳು. ಅಲ್ಲಿಯೂ ಸಿಕ್ಕಿಸಿದ.

"ಏನವ್ವಾ ಕೊಕ್ಕರೆ, ನಿನ್ನ ನೆಂಟರಿಗೆ ಅಂತ ಮಾಡಿಸಿದ್ಯಾ? ಕಣ್ಣರಳಿಸಿ ನೋಡು, ಇದೂ ನಂದೇ."

"ಆಗಲಿ ವಜ್ರಪ್ಪಣ್ಣ," ಅಂದಳು ಸಣ್ಣೀರವ್ವ ತಲೆ ತಗ್ಗಿಸಿ. "ಗುಡ್ಡದ ಹಿಂದೆ ಇನ್ನೊಂದು ಮಾಡ್ತಿದ್ದಾರಂತೆ."

ಅಲ್ಲಿಗೂ ಓಡಿದ.

ಹುಣ್ಣಿಮೆಯ ಬೆಳಿಗ್ಗೆ ಊರಿಗೆ ಊರೇ ನೆರೆಯಿತು. ವಜ್ರಪ್ಪ ರಾಣಿಗೆ ಬೆನ್ನು ಬಗ್ಗಿಸಿ ನಿಂತ. ಅಷ್ಟು ಜನರ ಮುಂದೆ ಮಾತಾಡಲು ಸಣ್ಣೀರವ್ವನಿಗೆ ನಾಚಿಕೆ. ಆದರೂ ಹೇಳಿದಳು.

"ಈಗಲೇ ಹತ್ತಬೇಡಿ ತಾಯಿ. ಮೊದಲು ನಾವಿಬ್ಬರೂ ಬರಿಬೆನ್ನಲ್ಲಿ ಒಂದು ಸುತ್ತು ಹಾರ್ತೀವಿ. ನೋಡಿ, ಆಮೇಲೆ ಹತ್ತಿ."

ನನ್ನನ್ನೇ ಪರೀಕ್ಷೆ ಮಾಡ್ತೀಯಾ ಅಂತ ವಜ್ರಪ್ಪ ರೆಕ್ಕೆ ಬಿಚ್ಚಿದ. ಅದು ಸವೆದ ಪೊರಕೆಯ ಹಾಗಿತ್ತು, ಗರಿ ಕಿತ್ತ ಸಂದಿಗಳಲ್ಲಿ ಬೆಳಕು ಆ ಕಡೆಯಿಂದ ಈ ಕಡೆಗೆ ತೂರಿ ಬಂತು. ಒಂದು ಸಲ ಬಡಿದ, ಧೂಳೆದ್ದಿತು. ಎರಡನೇ ಸಲ ಬಡಿದ, ಗಾಳಿ ಸಂದಿಯಲ್ಲೇ ಸೋರಿಹೋಯಿತು. ಮೂರನೇ ಸಲ ಬಡಿದು ಜಿಗಿದೇಬಿಟ್ಟ. ನೇರ ಬಂಡೆಯ ಬುಡದ ಸೀಗೆ ಮುಳ್ಳಿನ ಪೊದೆಯೊಳಗೆ ದುಡುಂ. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಣ್ಣೀರವ್ವ ಒಂದು ಸುತ್ತು ಹಾರಿ ಬಂದಳು. ಸ್ವಲ್ಪ ವಾಲಿದಳು, ನಿಜ. ರಾಣಿಯನ್ನು ಬೆನ್ನೇರಿಸಿಕೊಂಡು ಆಚೆ ಬೆಟ್ಟದಲ್ಲಿ ಹೂವಿನ ಹಾಗೆ ಇಳಿಸಿದಳು. ಬಂಡೆಗಳೆಲ್ಲ ನಿನ್ನ ಮಾತಿನಂತೆ, ಬೇಕಾದರೆ ಎಲ್ಲ ನೀನೇ ಇಟ್ಟುಕೋ ಅಂದಳು ರಾಣಿ.

"ನನಗೊಂದು ಸಾಕು ತಾಯಿ. ಯಾವ ಬಂಡೆಯಿಂದ ದಿನಾ ಹಾರೋದಿಲ್ವೋ ಅದರ ಮೇಲೆ ಗರಿ ಇರಬಾರದು. ಪಕ್ಕದವರನ್ನು ಓಡಿಸೋಕೆ ಬಾಡಿಗೆ ಇಳಿಸಿದವರು, ಅವರು ಹೋದ ಮೇಲೆ ಅದನ್ನ ಏರಿಸಬಾರದು. ಇಷ್ಟು ಸಾರಿಸಿಬಿಡಿ."

ಎರಡೂ ಬೆಟ್ಟಗಳಲ್ಲಿ ಡಂಗುರ ಮೊಳಗಿತು. ವಜ್ರಪ್ಪ ಮೈಗೆ ಅಂಟಿದ ಮುಳ್ಳು ಕೀಳುತ್ತಾ ನಡೆದುಕೊಂಡೇ ಗಡಿ ದಾಟಿದ. ಸುದ್ದಿ ಕೇಳಿ ಪಾರಿವಾಳಗಳು ಬಂದವು, ಬಾತುಗಳು ಬಂದವು, ಗಿಳಿಗಳು ಗದ್ದಲ ಮಾಡುತ್ತಾ ಬಂದವು. ಅವತ್ತು ಸಂಜೆಯೊಳಗೆ ಕಣಿವೆಯ ತುಂಬ ರೆಕ್ಕೆಗಳೋ ರೆಕ್ಕೆಗಳು, ಎಲ್ಲಕ್ಕೂ ಮುಂದೆ ಸಣ್ಣೀರವ್ವ.

ತಿಳೀತಾ ಮಕ್ಕಳೇ? ಎಲ್ಲರ ಜಾಗವನ್ನೂ ತಾನೇ ಹಿಡಿಯಲು ಹೊರಟವನಿಗೆ ಕೊನೆಗೆ ತನ್ನ ಕೆಲಸ ಮಾಡುವ ಬಲವೂ ಉಳಿಯುವುದಿಲ್ಲ. ಮತ್ತೆ ನೀವೂ ಅಷ್ಟೇ. ಯಾರಾದರೂ ತೀರಾ ಅಗ್ಗಕ್ಕೆ ಬೆನ್ನು ಕೊಟ್ಟರೆ, ಅವನು ಯಾರನ್ನು ಓಡಿಸುತ್ತಿದ್ದಾನೆ ಅಂತ ನೋಡಿಕೊಂಡು ಹತ್ತಿ.