ಹುಳು ಕೊರೆದ ಕಡತಗಳು

ಅಂಕಿಅಂಶಗಳ ಕಚೇರಿಯಲ್ಲಿ ಜಾಗ ಸಾಲದೆ ಎರಡು ಕಡತಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಮೇಲಿನದು ಹೆಂಡದ ತೆರಿಗೆಯದು, ಕೆಳಗಿನದು ಆಸ್ಪತ್ರೆಗಳದು. ಅಂಕಿ ಹೆಚ್ಚಿರುವ ಜಿಲ್ಲೆಯನ್ನು ಮೊದಲು ಬರೆಯುವುದು ಆ ಕಚೇರಿಯ ಪದ್ಧತಿ.

"ಈ ವರ್ಷವೂ ನಾನು ದಪ್ಪಗಾಗಿದ್ದೇನೆ," ಎಂದಿತು ತೆರಿಗೆಯ ಕಡತ. "ನನ್ನ ದುಡ್ಡಿನಿಂದಲೇ ನಿನ್ನ ರೋಗಿಗಳಿಗೆ ಔಷಧಿ ಬರುವುದು, ಮರೆಯಬೇಡ."

"ನಾನೂ ದಪ್ಪಗಾಗಿದ್ದೇನೆ. ಅದಕ್ಕೇ ನನಗೆ ಸಮಾಧಾನವಿಲ್ಲ," ಎಂದಿತು ಆಸ್ಪತ್ರೆಯ ಕಡತ. "ಲಿವರ್ ಕೆಟ್ಟವರು ಇಷ್ಟೊಂದು ಜನ ಎಲ್ಲಿಂದ ಬರುತ್ತಿದ್ದಾರೆ?"

"ನನಗೇನು ಗೊತ್ತು? ನನ್ನಲ್ಲಿರುವುದು ಬಾಟಲಿಗಳ ಲೆಕ್ಕ. ಕುಡಿದವರು ಏನಾದರು ಎಂದು ನೋಡುವುದು ನನ್ನ ಕೆಲಸವಲ್ಲ."

ಆಗ ಕೆಳಗಿನ ಕಡತದಿಂದ ಕಾಗದ ಕೊರೆಯುವ ಹುಳುವೊಂದು ತಲೆ ಹೊರಹಾಕಿತು. "ನಾನು ಮೇಲಿನಿಂದ ನೆಟ್ಟಗೆ ಕೊರೆದುಕೊಂಡು ಬಂದೆ. ಅಲ್ಲಿ ಮೊದಲು ಯಾವ ಜಿಲ್ಲೆ ಇತ್ತೋ ಇಲ್ಲಿಯೂ ಮೊದಲು ಅದೇ ಇದೆ. ಎರಡನೆಯದೂ ಅದೇ, ಮೂರನೆಯದೂ ಅದೇ."



ಮರುದಿನ ಮೇಲಧಿಕಾರಿ ಕೊಟ್ರಬಸಪ್ಪನವರು ಕಡತಗಳನ್ನು ಬಿಚ್ಚಿದಾಗ ತೂತು ಕಂಡಿತು. ಹಾಳೆ ತಿರುವುತ್ತಾ, ತೂತಿನ ಪಕ್ಕದಲ್ಲಿದ್ದ ಜಿಲ್ಲೆಗಳ ಹೆಸರನ್ನು ಎರಡರಲ್ಲೂ ಓದಿದರು. ಮತ್ತೊಮ್ಮೆ ಓದಿದರು. ಯಾರಾದರೂ ನೋಡಿದರೋ ಎಂದು ಆಚೀಚೆ ಕಣ್ಣಾಡಿಸಿದರು. ಆಮೇಲೆ ಜವಾನನನ್ನು ಕರೆದು, ಎರಡು ಕಡತಗಳನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಡಿಸಿ, ಹುಳುವಿಗೆ ಔಷಧಿ ಹೊಡೆಸಿದರು.

ಆ ಔಷಧಿಯ ಖರ್ಚನ್ನು ಆರೋಗ್ಯದ ಲೆಕ್ಕಕ್ಕೆ ಬರೆಸಿದರು.