ನೀಲವ್ವನ ಮಗ ಸಮುದ್ರಕ್ಕೆ ಹೋದದ್ದು

ನೀವು ಹೂಂ ಅನ್ನುತ್ತಿದ್ದರೆ ನಾನು ಹೇಳುತ್ತಾ ಹೋಗುತ್ತೇನೆ. ನಿಮ್ಮ ಹೂಂ ನಿಂತಲ್ಲಿ ನನ್ನ ಕತೆಯೂ ನಿಲ್ಲುತ್ತದೆ.

ಬ್ಯಾಡಗಿ ಕಡೆಯ ಒಂದು ಊರಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಗುಡ್ಡಪ್ಪ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹಾಗಂತ ತಾಯಿಯ ಮಾತು ಮೀರುವ ಮಗನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ, ಹೇಳಿದವರು ಹಣೆ ಹಣೆ ಬಡಿದುಕೊಳ್ಳುವ ತನಕ ಮಾಡುತ್ತಿದ್ದ.

ನೀಲವ್ವನಿಗೆ ಒಂದೇ ಆಸೆ ಉಳಿದಿತ್ತು, ಸಮುದ್ರ ನೋಡಬೇಕು. ಅವಳ ಗಂಡ ಲಾರಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಮಂಗಳೂರಿಗೆ ಹೋಗುತ್ತಿದ್ದವನು. ಬಂದಾಗಲೆಲ್ಲ ಸಮುದ್ರದ ಸುದ್ದಿ ಹೇಳುತ್ತಿದ್ದ, ಮುಂದಿನ ಸಲ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದ. ಆ ಮುಂದಿನ ಸಲ ಬರಲಿಲ್ಲ, ಗಂಡನೇ ಹೋಗಿಬಿಟ್ಟ. ಅವನು ಕಂಡದ್ದನ್ನು ತಾನೂ ಒಮ್ಮೆ ಕಾಣಬೇಕು ಅಂತ ಅವಳು ಅಂದಿನಿಂದ ಹಂಬಲಿಸುತ್ತಿದ್ದಳು.

ಅವಳ ಅಣ್ಣ ದ್ಯಾಮಣ್ಣ. ಬಾಡಿಗೆಗೆ ಓಮ್ನಿ ಗಾಡಿ ಓಡಿಸುತ್ತಿದ್ದ. ಮನಸ್ಸು ಮೆತ್ತಗೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ತಂಗಿ ಕೇಳಿ ಕೇಳಿ ಸಾಕಾಗಿ ಅವನೊಮ್ಮೆ ಒಪ್ಪಿದ. ಜಗುಲಿಯ ಮೇಲೆ ಕೂತು ದಾರಿಯನ್ನೂ ಹಾಕಿಕೊಟ್ಟ. ಶಿರಸಿ ಮೇಲೆ ಹಾಯ್ದು ಘಟ್ಟ ಇಳಿದು ಕುಮಟಾ, ಅಲ್ಲಿಂದ ದಂಡೆ ಹಿಡಿದು ಹೊನ್ನಾವರ, ಮುರ್ಡೇಶ್ವರ. ಆಮೇಲೆ ಮರವಂತೆ, ಅಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ನಡುವೆ ನಮ್ಮ ಗಾಡಿ. ನೀಲವ್ವ ಕೇಳುತ್ತಾ ಕೇಳುತ್ತಾ ಅಲ್ಲೇ ಅರ್ಧ ತೋಯ್ದುಹೋದಳು. ದ್ಯಾಮಣ್ಣ ಏಳುವಾಗ ಒಂದು ಮಾತು ಹೇಳಿದ: “ನೋಡ್ ನೀಲಾ, ನಿನ್ನ ಮಗ ಏನರ ಎಡವಟ್ಟು ಮಾಡಿದ್ನೋ, ಗಾಡಿ ಎಲ್ಲಿರ್ತೈತೋ ಅಲ್ಲಿಂದನ ಊರ ಕಡೆ ಹೊಳ್ಳಿಸ್ತೀನಿ.”

ಹೊರಡುವ ದಿನ ಬೆಳಿಗ್ಗೆ ದ್ಯಾಮಣ್ಣ ಗಾಡಿಯನ್ನು ತಂಗಿಯ ಮನೆ ಮುಂದೆ ನಿಲ್ಲಿಸಿ ಹೆಂಡತಿಯನ್ನು ಕರೆತರಲು ಹೋದ. ನೀಲವ್ವ ರೊಟ್ಟಿ ಕಟ್ಟುತ್ತಾ ಮಗನಿಗೆ, ಸಮುದ್ರದ ನೀರು ಉಪ್ಪಂತೆ, ಮನೆಯ ನೀರು ಗಾಡಿಯಲ್ಲಿಡು ಅಂದಳು. ಗುಡ್ಡ ಕೊಡ ಇಟ್ಟ, ಬಕೆಟ್ ಇಟ್ಟ, ಬಚ್ಚಲಿನ ಹಂಡೆ ಇಟ್ಟ, ದನ ಕುಡಿಯುವ ಬಾನಿಯನ್ನೂ ಎತ್ತಿ ತಂದು ಮಾಮನ ಸೀಟಿನ ಮೇಲಿಟ್ಟ. ಮನೆಯಲ್ಲಿ ಹನಿ ನೀರಿಲ್ಲ, ಗಾಡಿಯಲ್ಲಿ ಕೂರಲು ಜಾಗವಿಲ್ಲ. ನೀಲವ್ವ ಅಣ್ಣ ಬರುವುದರೊಳಗೆ ಎಲ್ಲ ಇಳಿಸಿ, ಸೀಟು ಒರೆಸಿ, ಮಗನ ಕಿವಿ ಹಿಂಡಿದಳು. “ಯಾವ ಕೆಲಸಾ ಮಾಡಾಕೂ ಮೊದಲ ಕೇಳಬೇಕಪಾ. ಎಷ್ಟು, ಯಾಕ, ಎಲ್ಲಿಗೆ ಅಂತ ಬಾಯಿಬಿಟ್ಟು ಕೇಳು.”

ಕೇಳುತ್ತೇನೆ ಅಂದ ಗುಡ್ಡ.

ದ್ಯಾಮಣ್ಣ ಬಂದ, ಗಾಡಿಗೆ ಊದಿನಕಡ್ಡಿ ಬೆಳಗಿದ, ಹೆಂಡತಿ ಗಿರಿಜವ್ವನನ್ನು ಮುಂದೆ ಕೂರಿಸಿದ, ದೇವರನ್ನು ನೆನೆದು ಚಾವಿ ತಿರುಗಿಸಿದ. ಆಗ ಹಿಂದಿನಿಂದ ಗುಡ್ಡ ಗಟ್ಟಿಯಾಗಿ ಕೇಳಿದ: “ಮಾಮಾ, ಎಲ್ಲಿಗೆ ಹೊಂಟೀವಿ?”

ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಹೋದ ಕೆಲಸ ಕೆಡುತ್ತದೆ ಅಂತ ನಮ್ಮಲ್ಲಿ ಕೂಸಿಗೂ ಗೊತ್ತು. ದ್ಯಾಮಣ್ಣ ಗಾಡಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಜಗುಲಿಯ ಮೇಲೆ ಕೂತು ನೀರು ಕುಡಿದು, ಅಪಶಕುನ ಕಳೆಯಲಿ ಅಂತ ಬಿಸಿಲೇರುವ ತನಕ ಕಾದ. ನೀಲವ್ವ ಮಗನನ್ನು ಮೂಲೆಗೆಳೆದು ಗದರಿದಳು. ಪ್ರಯಾಣದಲ್ಲಿ ಎಲ್ಲಿಗೆ ಅನ್ನುವ ಮಾತೇ ಎತ್ತಬಾರದು, ಆ ಮಾತು ಬಂದರೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ಹೇಳಿದಳು. ಗುಡ್ಡ ಆಗಲೇ ಬಾಯಿ ಮುಚ್ಚಿದ.

ಘಟ್ಟದ ಗೇಟಿನ ಹತ್ತಿರ ಇಂಜಿನ್ ಕಾದಿತ್ತು. ದ್ಯಾಮಣ್ಣ ನೀರು ತರಲು ಹೋದ. ಗಿರಿಜವ್ವ ವಾಂತಿ ಬಂದು ಮರದ ಕೆಳಗೆ ಕೂತಿದ್ದಳು, ನೀಲವ್ವ ಅವಳ ಬೆನ್ನು ನೀವುತ್ತಿದ್ದಳು. ಗೇಟಿನ ಪೊಲೀಸಪ್ಪ ಕಿಟಕಿಯಲ್ಲಿ ಬಗ್ಗಿ, ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದ. ಗುಡ್ಡ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಪೊಲೀಸಪ್ಪ ಮತ್ತೆ ಕೇಳಿದ. ಗುಡ್ಡ ಕಣ್ಣನ್ನೂ ಮುಚ್ಚಿಕೊಂಡ. ಇನ್ನೇನು ಬೇಕು ಅನುಮಾನಕ್ಕೆ? ಗಾಡಿಯ ಸಾಮಾನೆಲ್ಲ ರಸ್ತೆಗಿಳಿಯಿತು, ರೊಟ್ಟಿಯ ಗಂಟು ಬಿಚ್ಚಿತು, ಚಟ್ನಿಪುಡಿಯನ್ನು ಮೂಸಿ ನೋಡಿ ಪೊಲೀಸಪ್ಪ ಸೀನಿದ್ದೇ ಸೀನಿದ್ದು. ದ್ಯಾಮಣ್ಣ ಬಂದು ಕೈ ಮುಗಿದು ಬಿಡಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು.

ಅಣ್ಣ ಸ್ಟೇರಿಂಗನ್ನು ಊರ ಕಡೆ ತಿರುಗಿಸತೊಡಗಿದ್ದನ್ನು ನೀಲವ್ವ ನೋಡಿದಳು. ಇದೊಂದು ಸಲ ಬಿಟ್ಟುಬಿಡು ಅಂತ ಬೇಡಿಕೊಂಡಳು. ಮಗನಿಗೆ ಮೆಲ್ಲಗೆ ಹೇಳಿದಳು: “ದಾರ್ಯಾಗ ಸಿಕ್ಕ ಮಂದೀ ಕೂಡ ಮೂಗನಂಗ ಇರಬಾರದೋ. ನಕ್ಕೋತ, ‘ಬರ್ರಿ, ಊಟ ಮಾಡೂಣು’ ಅನಬೇಕು.”

ಘಟ್ಟ ಇಳಿದು ಒಂದು ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಹೋಳಿಗೆ. ಅಷ್ಟರಲ್ಲಿ ಒಂದು ಬಸ್ಸು ಅಲ್ಲೇ ಪಂಕ್ಚರಾಗಿ ನಿಂತಿತು, ಒಳಗೆ ತುಂಬಾ ಮದುವೆಗೆ ಹೊರಟ ಜನ. ಗುಡ್ಡ ಬಸ್ಸಿನ ಬಾಗಿಲಲ್ಲಿ ನಿಂತು ಇಳಿದವರಿಗೆಲ್ಲ ನಕ್ಕೋತ, ಬರ್ರಿ ಊಟ ಮಾಡೂಣು ಅಂದ. ಅವರೂ ಮರ್ಯಾದಸ್ಥರೇ, ಬೇಡ ಬೇಡ, ನಿಮ್ಮದಾಗಲಿ ಅಂದರು. ಇಷ್ಟಕ್ಕೆ ಮುಗಿಯಬೇಕಾದ ಮಾತು. ಗುಡ್ಡ ಮುಗಿಸಲಿಲ್ಲ. ಕೈ ಹಿಡಿದು ಕರೆದ, ಅಜ್ಜಿಯಂದಿರ ಚೀಲ ಕಸಿದುಕೊಂಡು ಕರೆದ. ಹಸಿದವರು ಎಷ್ಟು ಸಲ ಬೇಡ ಅಂದಾರು? ಕೂತರು, ಉಂಡರು, ಎಣಗಾಯಿ ಬಹಳ ಚೆನ್ನಾಗಿದೆ ಅಂತ ನೀಲವ್ವನನ್ನು ಹೊಗಳಿ ಎದ್ದರು. ದ್ಯಾಮಣ್ಣನಿಗೆ ಉಳಿದದ್ದು ರೊಟ್ಟಿ ಕಟ್ಟಿದ ಬಟ್ಟೆ.

ಆ ಮನುಷ್ಯ ಬಟ್ಟೆ ಕೊಡವಿ ಮಡಚಿ ಗಾಡಿ ಹತ್ತಿದ. ಮಗನ ಮೇಲೆ ಬಾಯಿಬಿಟ್ಟವಳು ನೀಲವ್ವ. “ಬಾಯಿಮಾತಿಗೆ ಕರೀಬೇಕೋ, ಕೈ ಹಿಡಿದು ಕರೀತಾರೇನು? ಇನ್ನ ಮ್ಯಾಲೆ ನಮ್ಮದು ಅನ್ನೂದನ್ನ ಗಟ್ಟಿ ಅವಚಿ ಹಿಡಿ. ಯಾರ ಕೇಳಿದ್ರೂ ಕೊಡಬ್ಯಾಡ.”

ಅವಚಿ ಹಿಡಿಯುತ್ತೇನೆ ಅಂದ ಗುಡ್ಡ.

ಕುಮಟಾ ದಾಟಿ, ದಂಡೆಯ ಹತ್ತಿರ ಒಂದು ಹೋಟೆಲ್ ಕಂಡಿತು. ದ್ಯಾಮಣ್ಣ ಚಾವಿಯನ್ನು ಗಾಡಿಯಲ್ಲೇ ಬಿಟ್ಟು ಓಡಿದ. ಆ ಹೋಟೆಲಿನಲ್ಲಿ ಸಾರಿನಿಂದ ಹಿಡಿದು ಪಲ್ಯದ ತನಕ ಎಲ್ಲ ಮೀನು. ಮೀನು ಮುಟ್ಟದ ದ್ಯಾಮಣ್ಣ ಬರೀ ವಾಸನೆ ಕುಡಿದು, ಹಸಿದ ಹೊಟ್ಟೆಯಲ್ಲೇ ವಾಪಸ್ ಬಂದ. ಬಂದವನೇ, “ಸಾಕಾತು. ಗಾಡಿ ಹೊಳ್ಳಿಸ್ತೀನಿ” ಅಂದ. ನೀಲವ್ವನ ಕಿವಿ ಬೇರೆಡೆ ಇತ್ತು. ಗಾಳಿಮರಗಳ ಆಚೆ ಏನೋ ದೊಡ್ಡದು ಉಸಿರಾಡುವ ಸದ್ದು ಬರುತ್ತಿತ್ತು. ಅದು ಸಮುದ್ರ ಅಂತ ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಇಷ್ಟು ಹತ್ತಿರ ಬಂದು ನೋಡದೆ ಹೋಗುವುದೇ?

ಆದರೆ ಗಾಡಿಯಲ್ಲಿ ಚಾವಿ ಇರಲಿಲ್ಲ. ಗುಡ್ಡ ಅದನ್ನು ಎದೆಗವಚಿಕೊಂಡು ಮುದ್ದೆಯಾಗಿ ಕೂತಿದ್ದ.

ಮಾಮ ಕೇಳಿದ, ಗದರಿದ, ಬೆರಳು ಬಿಡಿಸಲು ಜಗ್ಗಿದ. “ಯಾರ ಕೇಳಿದ್ರೂ ಕೊಡಬ್ಯಾಡ ಅಂದಾಳ ಅವ್ವ” ಅನ್ನುವುದನ್ನು ಬಿಟ್ಟು ಗುಡ್ಡನ ಬಾಯಲ್ಲಿ ಬೇರೆ ಮಾತಿಲ್ಲ. ನಿನ್ನ ಮಗನಿಗೆ ನೀನೇ ಹೇಳು ಅಂತ ದ್ಯಾಮಣ್ಣ ತಂಗಿಯ ಕಡೆ ತಿರುಗಿದ. ನೀಲವ್ವ ಬಾಯಿ ತೆರೆದಳು. ಆ ಸದ್ದು ಮತ್ತೊಮ್ಮೆ ಕೇಳಿತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡು, ಚಪ್ಪಲಿ ಬಿಟ್ಟು, ಗಾಳಿಮರಗಳ ನಡುವೆ ನಡೆದುಬಿಟ್ಟಳು.

ನೋಡಿದಳು. ಗಂಡ ಹೇಳಿದ್ದು ಕಡಿಮೆಯೇ ಆಯಿತು ಅನ್ನಿಸಿತು. ಕಾಲಿಗೆ ನೀರು ಬಂದು ತಾಗಿದಾಗ ಅವಳು ಅತ್ತಳು, ಅಳುತ್ತಾ ನಕ್ಕಳು. ಹಿಂದೆ ಅಣ್ಣ ಕೂಗುತ್ತಲೇ ಇದ್ದ. ಹೊರಡುವ ಮುಂಚೆ ಕೈ ಮುಗಿದು, ನೆಂಟರ ಮನೆ ಬಿಡುವಾಗ ಹೇಳುವ ಹಾಗೆ, “ಹೋಗಿ ಬರ್ತೀನವ್ವಾ” ಅಂದಳು. ಹೋಗ್ತೀನಿ ಅಂತ ಯಾರಾದರೂ ಅನ್ನುತ್ತಾರೆಯೇ? ಚಾವಿ ಅವಚಿಕೊಂಡೇ ಹಿಂದೆ ಬಂದು ನಿಂತಿದ್ದ ಗುಡ್ಡನ ಕಿವಿಗೂ ಆ ಮಾತು ಬಿತ್ತು.

ಆಮೇಲೆ ಮಗನ ಬೆನ್ನು ಸವರಿ, ಮಾಮ ಅಂದರೆ ಯಾರೋ ಅಲ್ಲ, ನಮ್ಮವನೇ ಅಂತ ತಿಳಿಸಿ ಚಾವಿ ಕೊಡಿಸಿದಳು. ದ್ಯಾಮಣ್ಣ ಅಳಿಯನ ತಲೆಗೊಂದು ಮೊಟಕಿ ತನ್ನ ಪಾಲಿನ ಬುದ್ಧಿ ಹೇಳಿದ: “ಹಿರೇರು ಒಂದು ಮಾತು ಆಡಿದ್ರ ನಡಸಬೇಕೋ. ತಡಾ ಮಾಡಬಾರದು.” ಹೊನ್ನಾವರವೂ ಇಲ್ಲ, ಮರವಂತೆಯೂ ಇಲ್ಲ, ಸೀದಾ ಊರು ಅಂದ. ನೀಲವ್ವ ಹೂಂ ಅಂದಳು. ಸಮುದ್ರ ನೋಡಿ ಮನಸ್ಸು ತುಂಬಿರಲಿಲ್ಲ, ಆದರೂ ಹೂಂ ಅಂದಳು.

ಸ್ವಲ್ಪ ಮುಂದೆ ಹೋದದ್ದೇ ಒಂದು ಅಂಗಡಿಯಲ್ಲಿ ಬಿಸಿ ಅವಲಕ್ಕಿ, ಚಹ ಸಿಕ್ಕಿತು. ದ್ಯಾಮಣ್ಣ ತಿಂದು, ಇನ್ನೊಮ್ಮೆ ತಿಂದು, ಮನುಷ್ಯನಾಗಿ ತಿರುಗಿ ನೋಡಿದರೆ ಗುಡ್ಡ ಇಲ್ಲ. ಅಂಗಡಿಯ ಹಿಂದಿಲ್ಲ, ಗಾಡಿಯ ಕೆಳಗಿಲ್ಲ. ಗಾಬರಿಬಿದ್ದು ಬಂದ ದಾರಿಯಲ್ಲೇ ಗಾಡಿ ಓಡಿಸಿದರು.

ಗುಡ್ಡ ಮೊಣಕಾಲುದ್ದ ನೀರಿನಲ್ಲಿ, ಸಮುದ್ರಕ್ಕೆ ಎದುರಾಗಿ ಕೈ ಕಟ್ಟಿಕೊಂಡು ನಿಂತಿದ್ದ. ಯಾಕೋ ಇಲ್ಲಿಗೆ ಬಂದೆ ಅಂತ ಮಾಮ ದಂಡೆಯಿಂದಲೇ ಚೀರಿದ.

“ಹೋಗಿ ಬರ್ತೀನಿ ಅಂತ ಅವ್ವ ಹೇಳಿದ್ಲಲ್ಲ ಮಾಮಾ. ಹೋದ್ವಿ. ಬರೂದು ಉಳಿದಿತ್ತು, ನಾ ಬಂದೆ. ನೀವ ತಡಾ ಮಾಡಿದ್ರಿ.”

ದ್ಯಾಮಣ್ಣ ಮರಳಿನ ಮೇಲೆ ಕುಸಿದು ಕೂತ. ಗಿರಿಜವ್ವ ಸೆರಗು ಬಾಯಿಗಿಟ್ಟು ನಕ್ಕಳು. ಮಗನನ್ನು ಕರೆತರಲು ನೀರಿಗಿಳಿದ ನೀಲವ್ವ ಬಹಳ ಹೊತ್ತು ಕರೆತರಲಿಲ್ಲ. ತೆರೆ ಬಂದಾಗಲೆಲ್ಲ ಅವನ ತೋಳು ಹಿಡಿದು ಎಳೆಹುಡುಗಿಯ ಹಾಗೆ ಹಾರಿದಳು. ಸೀರೆಯ ನೆರಿಗೆ ತೋಯ್ದು ಭಾರವಾದ ಮೇಲೆ, ಅಣ್ಣ ಕರೆದು ಕರೆದು ಸೋತ ಮೇಲೆ ಹೊರಗೆ ಬಂದಳು.

ಎಲ್ಲರೂ ಗಾಡಿಯ ಕಡೆ ನಡೆದರು. ನೀಲವ್ವ ನಿಂತು ಸಮುದ್ರದ ಕಡೆ ತಿರುಗಿದಳು, ಓರೆಗಣ್ಣಿನಲ್ಲಿ ಮಗ ಪಕ್ಕದಲ್ಲೇ ಇದ್ದಾನೆ ಅಂತ ನೋಡಿಕೊಂಡಳು. ಈ ಸಲ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು:

“ಹೋಗಿ, ಬರ್ತೀನವ್ವಾ.”

ಬರುವುದು ಮತ್ತೆ ಉಳಿಯಿತಲ್ಲ, ಗುಡ್ಡ ಹಾಕಿಕೊಳ್ಳುತ್ತಿದ್ದ ಚಪ್ಪಲಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಗಾಡಿ ಹತ್ತಿದ.