ಒಂಬತ್ತಕ್ಕೆ ಏಳುವ ಕಂಪ್ಯೂಟರು

"ಮರೆಯೋದು ಹೆಂಗೆ, ಬುದ್ಧೀ?" ಎಂದು ಶಿವನಂಜಮ್ಮ ಗುರುಗಳನ್ನು ಕೇಳಿದಳು.

ಮಗ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಊರು ಬಿಟ್ಟು ಮಠಕ್ಕೆ ಬಂದು ಸೇರಿದ್ದಳು. ಪೂಜೆಗೆ ಹೂ ಕಟ್ಟುತ್ತಿದ್ದಳು, ದಾಸೋಹಕ್ಕೆ ತರಕಾರಿ ಹೆಚ್ಚುತ್ತಿದ್ದಳು. ಬಾಯಲ್ಲಿ ಶಿವನಾಮ ಇತ್ತು. ಆದರೆ ಸಂಜೆ ನಾಲ್ಕಾಯಿತೆಂದರೆ, ಹಿಡಿದ ಕೆಲಸವನ್ನು ಅಲ್ಲೇ ಬಿಟ್ಟು ಅವಳ ಕಾಲು ತಾನಾಗಿ ಮಠದ ಗೇಟಿನ ಕಡೆ ನಡೆಯುತ್ತಿತ್ತು. ಮಗ ಶಾಲೆಯಿಂದ ಬರುತ್ತಿದ್ದ ಹೊತ್ತು ಅದು. ಗೇಟಿನ ಸರಳು ಹಿಡಿದು ನಿಲ್ಲುವಳು. ಬರುವವನು ಬರುವುದಿಲ್ಲ ಎಂಬುದು ಮತ್ತೊಮ್ಮೆ ತಿಳಿಯುವುದು. ಮೊದಲ ದಿನದಷ್ಟೇ ನೋಯುವುದು.

"ಆ ಒಂದು ಗಳಿಗೇನ ನನ್ನಿಂದ ಕಿತ್ತಾಕಿ, ಬುದ್ಧೀ. ಮಂತ್ರ ಕೊಡಿ, ಇಲ್ಲಾ ಯಾವುದಾದ್ರೂ ವ್ರತ ಕೊಡಿ. ಅದು ಹೋಗದಿದ್ರೆ ಈ ಮಠದಲ್ಲಿ ಇದ್ದು ನಂಗೇನು?"

ಗುರುಗಳು ಮಂತ್ರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನಿಗೆ ಒಬ್ಬ ತಾಯಿ, ಒಬ್ಬ ಮಗಳು. ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಅವಳ ಗೆಳತಿಯರೆಲ್ಲ ಸಂಜೆಯಾದರೆ ತಮ್ಮ ತಮ್ಮ ಮನೆಯಲ್ಲೇ ಕುಳಿತು, ಕಂಪ್ಯೂಟರಿನ ಒಂದೇ ಆಟದೊಳಗೆ ಕೂಡುತ್ತಿದ್ದರು. ಇವಳೊಬ್ಬಳು ಹೊರಗೆ. ಅಂಥ ಆಟ ಆಡಿಸುವ ಹೊಸ ಕಂಪ್ಯೂಟರು ದರ್ಜಿಯ ಕೈಗೆ ಎಟುಕುವಂಥದ್ದಲ್ಲ. ಅದು ಗೊತ್ತಿದ್ದೇ ಮಗಳು ಬಾಯಿಬಿಟ್ಟು ಕೇಳಲಿಲ್ಲ. ಆದರೂ ಅಪ್ಪನಿಗೆ ತಿಳಿಯಿತು.

ಊರಿನ ಒಂದು ಕಚೇರಿ ತನ್ನ ಹಳೆಯ ಕಂಪ್ಯೂಟರುಗಳನ್ನು ಹರಾಜು ಹಾಕಿತು. ದರ್ಜಿ ಒಂದನ್ನು ಹೊತ್ತು ತಂದ. ವರ್ಷಗಟ್ಟಲೆ ಪತ್ರ ಬರೆದು, ಲೆಕ್ಕ ಕೂಡಿ ಸವೆದ ಯಂತ್ರ. ಅದನ್ನು ನೋಡಿ ಮಗಳ ಮುಖ ಚಿಕ್ಕದಾಯಿತು.

"ದೊಡ್ಡೋರ ಕೋಟು ಬಿಚ್ಚಿ ಚಿಕ್ಕೋರಿಗೆ ಹೊಲಿಯಲ್ವೇನವ್ವ? ಇದೂ ಹಂಗೇ. ಬಟ್ಟೆ ಗಟ್ಟಿ ಇದ್ರೆ ಸಾಕು," ಎಂದ ದರ್ಜಿ.

ಅಪ್ಪ ಮಗಳು ಸೇರಿ ಯಂತ್ರವನ್ನು ಬಿಚ್ಚಿದರು. ಒಳಗೆ ಗುಡ್ಡೆ ಬಿದ್ದಿದ್ದ ಧೂಳು ತೆಗೆದರು. ಹಳೆಯ ಡಿಸ್ಕ್ ಕಳಚಿ ಚುರುಕಾದ ಹೊಸದನ್ನು ಕೂರಿಸಿದರು. ರ‍್ಯಾಮ್ ಹೆಚ್ಚಿಸಿದರು. ಆಟದ ಚಿತ್ರಗಳನ್ನು ಓಡಿಸುವ ಗ್ರಾಫಿಕ್ಸ್ ಕಾರ್ಡು ಆರಿಸುವಾಗ ಮಗಳ ಕಣ್ಣು ದೊಡ್ಡದರ ಮೇಲೆಯೇ ಬಿತ್ತು. ಆದರೆ ಆ ಯಂತ್ರಕ್ಕೆ ಕರೆಂಟು ಉಣಿಸುವ ಪೆಟ್ಟಿಗೆ ಸಣ್ಣದು. ದೊಡ್ಡ ಕಾರ್ಡಿನ ಹೊಟ್ಟೆ ತುಂಬಿಸಲಾರದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ. ಬೇರೆ ವೈರು ಕೇಳದ, ಕೊಟ್ಟಷ್ಟರಲ್ಲಿ ಬಾಳುವ ಸಣ್ಣ ಕಾರ್ಡನ್ನೇ ತಂದು ಹಾಕಿದರು. ಆ ಸಂಜೆ ಮಗಳು ಗೆಳತಿಯರ ಆಟದೊಳಗೆ ಹೋದಳು. ಅವಳು ನಕ್ಕದ್ದು ಬೀದಿಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ದರ್ಜಿ ಅಂಗಡಿಯಲ್ಲಿದ್ದ, ಮಗಳು ಕಾಲೇಜಿನಲ್ಲಿದ್ದಳು. ಮನೆಯಲ್ಲಿ ಅಜ್ಜಿ ಒಬ್ಬಳೇ. ಯಾರೂ ಮುಟ್ಟದೆ ಕಂಪ್ಯೂಟರು ತಾನಾಗಿ ಎದ್ದಿತು. ದೀಪ ಹೊತ್ತಿತು, ಫ್ಯಾನು ತಿರುಗಿತು, ಪರದೆ ಬೆಳಗಿತು. ಅಜ್ಜಿ ಹೊರಗೆ ಓಡಿಬಂದು ಜಗಲಿಯ ಮೇಲೆ ಕುಳಿತಳು. ಅದರ ಮರುದಿನವೂ ಹಾಗೆಯೇ ಆಯಿತು. ಭಾನುವಾರ ಮಾತ್ರ ಅದು ಏಳಲಿಲ್ಲ. ಸೋಮವಾರ ಮತ್ತೆ ಎದ್ದಿತು.

ಕಚೇರಿಯಲ್ಲಿ ಸತ್ತ ಯಾವನೋ ಗುಮಾಸ್ತ ಅದರೊಳಗೆ ಸೇರಿಕೊಂಡಿದ್ದಾನೆ ಎಂದು ಅಜ್ಜಿ ನಿಶ್ಚಯಿಸಿದಳು. ಭಾನುವಾರ ರಜೆ ತೆಗೆದುಕೊಳ್ಳುವ ದೆವ್ವ ಇನ್ಯಾರದಿದ್ದೀತು ಎಂದು ಕೇಳಿದಳು. ಗೋಡೆಯ ಸ್ವಿಚ್ಚು ಆರಿಸಿದರೆ ಏಳುವುದಿಲ್ಲ ಎಂದು ಮೊಮ್ಮಗಳು ತೋರಿಸಿಕೊಟ್ಟಳು. ಅಜ್ಜಿ ಒಪ್ಪಲಿಲ್ಲ. ಆರಿಸಿದರೆ ದೆವ್ವ ಮಲಗುತ್ತದೆ, ಮನೆ ಬಿಟ್ಟು ಹೋಗುವುದಿಲ್ಲ ಎಂದಳು. ನೆರೆಯವರು ಬಂದು ನೋಡಿ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗಾದೆ ಹೇಳಿ ಹೋದರು. ಯಂತ್ರ ಮನೆಯಿಂದ ಆಚೆ ಹೋಗುವ ತನಕ ಅನ್ನ ಮುಟ್ಟುವುದಿಲ್ಲ ಎಂದು ಅಜ್ಜಿ ಹಟ ಹಿಡಿದಳು. ಮೊಮ್ಮಗಳು ಅತ್ತಳು. ದರ್ಜಿ ಅಡಕತ್ತರಿಯಲ್ಲಿ ಸಿಕ್ಕಿಬಿದ್ದ. ಕೊನೆಗೆ ಒಬ್ಬ ರಿಪೇರಿಯವನನ್ನು ಕರೆತಂದ.

ರಿಪೇರಿಯವನು ಮುಚ್ಚಳ ತೆಗೆದು ನೋಡಿ ಹೇಳಿದ: ಇದು ದೆವ್ವವಲ್ಲ, ಅಭ್ಯಾಸ. ಜನ ಬರುವ ಹೊತ್ತಿಗೆ ಸಿದ್ಧವಾಗಿರಲಿ ಎಂದು ಒಂಬತ್ತಕ್ಕೆ ಏಳುವಂತೆ ಕಚೇರಿಯವರು ಇದರ ಬುಡದಲ್ಲೇ ಬರೆದಿಟ್ಟಿದ್ದಾರೆ. ಡಿಸ್ಕ್ ಬದಲಿಸಿದರೆ ಅದು ಹೋಗುವುದಿಲ್ಲ. ಆ ಬರಹವನ್ನೇ ತಿದ್ದೋಣವೆಂದರೆ ಅವರು ಹಾಕಿದ ಪಾಸ್‌ವರ್ಡು ನಮಗೆ ಗೊತ್ತಿಲ್ಲ. ಒಳಗೆ ನಾಣ್ಯದಷ್ಟು ಅಗಲದ ಒಂದು ಬ್ಯಾಟರಿ ಇದೆ. ಅದನ್ನು ಕಿತ್ತರೆ ಯಂತ್ರ ಒಂಬತ್ತು ಗಂಟೆಯನ್ನು ಮರೆಯುತ್ತದೆ. ಅದರ ಜೊತೆಗೆ ಇವತ್ತು ಯಾವ ದಿನ ಎಂಬುದನ್ನೂ ಮರೆಯುತ್ತದೆ.

ಅವನು ಬ್ಯಾಟರಿಗೆ ಬೆರಳು ಹಾಕಿದ. ಅಜ್ಜಿ ಅವನ ಕೈ ಹಿಡಿದಳು. ಅವಳು ಹಿಂದೆ ಮಗನ ಅಂಗಡಿಯಲ್ಲಿ ಕುಳಿತು ಅಂಗಿಗಳಿಗೆ ಕಾಜಾ ಗುಂಡಿ ಹಾಕುತ್ತಿದ್ದವಳು. ಬೆರಳು ನಡುಗತೊಡಗಿದ ಮೇಲೆ ಮಗ ಅವಳನ್ನು ಮನೆಯಲ್ಲಿ ಕೂರಿಸಿದ್ದ.

"ಬಿಡಪ್ಪ, ಕೀಳ್ಬೇಡ. ಪಾಪ, ಕೆಲ್ಸ ಹೋದ್ರೂ ಎಚ್ಚರ ಹೋಗಿಲ್ಲ ಇದಕ್ಕೆ. ನಂಗೂ ಒಂಬತ್ತಾದ್ರೆ ಕೈ ಸೂಜಿ ಹುಡುಕ್ತದೆ," ಎಂದಳು.

ದರ್ಜಿ ತಲೆ ತಗ್ಗಿಸಿದ. ತಾಯಿಗೆ ಸುಖ ಕೊಟ್ಟೆ ಎಂದೇ ಅವನು ಅದುವರೆಗೆ ತಿಳಿದಿದ್ದ.

ಮರುದಿನ ಒಂಬತ್ತಕ್ಕೆ ಯಂತ್ರ ಎದ್ದಿತು. ಅಜ್ಜಿ ಜಗಲಿಗೆ ಓಡಲಿಲ್ಲ. ಕುರ್ಚಿ ಎಳೆದುಕೊಂಡು ಅದರ ಮುಂದೆ ಕುಳಿತಳು. ಬಸ್ಸು ಓಡಿಸುವ ಒಂದು ಆಟವನ್ನು ಮೊಮ್ಮಗಳು ಹಿಂದಿನ ಸಂಜೆ ಹೇಳಿಕೊಟ್ಟಿದ್ದಳು. ಅಜ್ಜಿ ಮೊದಲ ತಿರುವಿನಲ್ಲೇ ಬಸ್ಸನ್ನು ಮರಕ್ಕೆ ಗುದ್ದಿದಳು. ಆಟದಲ್ಲಿ ಬೆರಳು ನಡುಗಿದರೆ ಯಾರ ಅಂಗಿಯೂ ಕೆಡುವುದಿಲ್ಲ. ಆದ್ದರಿಂದ ಮತ್ತೆ ಹೊರಟಳು. ಈಗಲೂ ಅವಳ ಬಸ್ಸು ದಿನಾ ಒಂಬತ್ತಕ್ಕೆ ಹೊರಡುತ್ತದೆ, ಭಾನುವಾರವೊಂದನ್ನು ಬಿಟ್ಟು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಬಸ್ಸು ಮರಕ್ಕೆ ಗುದ್ದಿದಾಗ ಶಿವನಂಜಮ್ಮನಿಗೆ ನಗು ಬಂದಿತ್ತು. ಮಗ ಹೋದ ಮೇಲೆ ಬಂದ ಮೊದಲ ನಗು. ಅದಕ್ಕೆ ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು.

"ಅಜ್ಜಿಗೆ ಬಸ್ ಸಿಕ್ತು, ಬುದ್ಧೀ. ನಾನು ಗೇಟಿಗೆ ಹೋದ್ರೆ ನಂಗ್ಯಾರು ಸಿಗ್ತಾರೆ? ನನ್ನ ಮಗ ಬತ್ತಾನಾ?"

"ಬರುವುದಿಲ್ಲ, ತಾಯಿ," ಎಂದರು ಗುರುಗಳು. ಅದನ್ನು ಹೇಳುವುದು ಅವರಿಗೂ ಕಷ್ಟವಾಯಿತು. ಆಮೇಲೆ ಕೇಳಿದರು:

"ನಾಲ್ಕು ಗಂಟೆಗೆ ಆ ಗೇಟಿನ ಮುಂದಿನ ದಾರಿಯಲ್ಲಿ ಈ ಊರಿನ ಮಕ್ಕಳೆಲ್ಲ ಶಾಲೆ ಬಿಟ್ಟು ಬರುತ್ತಾರೆ, ಅವರಲ್ಲಿ ಒಬ್ಬರ ಮುಖವನ್ನಾದರೂ ನೀನು ನೋಡಿದ್ದೀಯಾ?"